ಗೊರಕೆಗೆ ಚೀನೀ ಕಷಾಯ: ಒಲೆ ಹಚ್ಚುವ ಮೊದಲು, ಹಚ್ಚಿದ ಮೇಲೆ

ಚೀನೀ ವೈದ್ಯದಲ್ಲಿ ಗೊರಕೆಗೆಂದೇ ಮಾಡಿದ ಮದ್ದು ಇಲ್ಲ. ಕಫಕ್ಕೆ ಇದೆ, ಕಟ್ಟಿದ ಮೂಗಿಗೆ ಇದೆ, ಉಂಡದ್ದು ಅರಗದೆ ಮೈ ಭಾರವಾಗುವುದಕ್ಕೆ ಇದೆ. ಗೊರಕೆ ಇವುಗಳಲ್ಲಿ ಯಾವುದರ ಬೆನ್ನು ಹತ್ತಿ ಬಂದಿದೆ ಎಂದು ನೋಡಿ ಕಷಾಯ ಕಟ್ಟಿಕೊಡುತ್ತಾರೆ. ಹಾಗಾಗಿ ‘ಗೊರಕೆ ನಿಲ್ಲಿಸುವ ಚೀನೀ ಮೂಲಿಕೆ’ ಎಂದು ಆನ್‌ಲೈನಿನಲ್ಲಿ ಸಿಗುವ ಪೊಟ್ಟಣ ಶಿರಸಿಯ ಒಬ್ಬರಿಗೆ ಹಿಡಿಸಿದರೂ ಕಾರವಾರದ ಇನ್ನೊಬ್ಬರಿಗೆ ಬಿಸಿನೀರು ಕುಡಿದಷ್ಟೇ ಆಗಬಹುದು.

ಈ ಲೆಕ್ಕಾಚಾರ ಹಳೆಯದು. ಕ್ರಿ.ಶ. 610ರಲ್ಲಿ, ಸುಯ್ ರಾಜವಂಶದ ಕಾಲದಲ್ಲಿ, ಚಾವ್ ಯುವಾನ್‌ಫಾಂಗ್ ಎಂಬ ಆಸ್ಥಾನ ವೈದ್ಯ ರೋಗಗಳ ಕಾರಣಗಳನ್ನು ಸಂಗ್ರಹಿಸಿದ ಗ್ರಂಥದಲ್ಲಿ ಗೊರಕೆಗೆ ಬೇರೆಯೇ ಟಿಪ್ಪಣಿ ಇದೆ. ಗಂಟಲು ಉಸಿರು ಹತ್ತಿ ಇಳಿಯುವ ದಾರಿ. ಒಳಗಿನ ಹೊಂದಿಕೆ ತಪ್ಪಿದರೆ ಅಲ್ಲಿ ತಾಗಿ ಸದ್ದಾಗುತ್ತದೆ. ದಪ್ಪ ಮೈಯವರಲ್ಲಿ ಆ ದಾರಿಯೇ ಒತ್ತಿ ಇಕ್ಕಟ್ಟಾಗುತ್ತದೆ ಎಂಬುದು ಅದರ ಸಾರ. ಇಂದಿನ ಕಿವಿ-ಮೂಗು-ಗಂಟಲು ವೈದ್ಯರೂ ಕೊನೆಯ ಮಾತಿಗೆ ತಲೆದೂಗುತ್ತಾರೆ. ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ಮೆದು ಅಂಗುಳ, ಕಿರುನಾಲಿಗೆ, ನಾಲಿಗೆಯ ಬುಡ ಇವು ಇಕ್ಕಟ್ಟಾದ ದಾರಿಯಲ್ಲಿ ಗಾಳಿಗೆ ಸಿಕ್ಕಿ ಪಟಪಟ ಅದುರುವುದೇ ಗೊರಕೆ.

ಇದು ಕಷಾಯದ ಗೊರಕೆಯೋ, ಅಲ್ಲವೋ

ಈ ಹಂತ ಬಿಟ್ಟು ನೇರ ಪಾತ್ರೆಗೆ ಕೈ ಹಾಕಬಾರದು. ಗೊರಕೆಯ ನಡುವೆ ಉಸಿರು ಪೂರ್ತಿ ನಿಂತು, ಆಮೇಲೆ ಉಬ್ಬಸ ಪಟ್ಟಂತೆ ‘ಘಕ್’ ಎಂದು ಮತ್ತೆ ಶುರುವಾಗುತ್ತಿದ್ದರೆ ಅದು ನಿದ್ರಾ ಉಸಿರುಗಟ್ಟುವಿಕೆ, ಅಂದರೆ ಸ್ಲೀಪ್ ಆಪ್ನಿಯ ಇರಬಹುದು. ಉಸಿರು 10 ಸೆಕೆಂಡು ಅಥವಾ ಹೆಚ್ಚು ನಿಂತರೆ ಅದನ್ನು ಒಂದು ಘಟನೆ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರಾ ಕುಗ್ಗಿದ್ದನ್ನೂ ಸೇರಿಸುತ್ತಾರೆ. ಗಂಟೆಗೆ 5ರಿಂದ 15 ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸರಳ. ದರ್ಜಿಯ ಟೇಪಿನಿಂದ ಕುತ್ತಿಗೆಯ ಸುತ್ತಳತೆ ನೋಡಿ, 40 ಸೆಂ.ಮೀ. ದಾಟಿದ್ದರೆ ಒಂದು ಅಂಕ. ಬಾಗಿಲು ಮುಚ್ಚಿದರೂ ಕೇಳುವ ಗೊರಕೆ, ಹಗಲು ತೂಕಡಿಕೆ, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ಬಿ.ಪಿ., 50 ದಾಟಿದ ವಯಸ್ಸು, ಗಂಡಸಾಗಿರುವುದು, ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಅಳತೆ) 35ಕ್ಕಿಂತ ಹೆಚ್ಚಿರುವುದು, ಇವಕ್ಕೂ ಒಂದೊಂದು ಅಂಕ. ಒಟ್ಟು 3 ಅಥವಾ ಹೆಚ್ಚು ಬಂದರೆ ಕಷಾಯದ ವಿಚಾರ ಪಕ್ಕಕ್ಕಿಟ್ಟು ನಿದ್ರಾ ಪರೀಕ್ಷೆ ಮಾಡಿಸಿ. ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಕಡೆ ಅದಕ್ಕೆ ಸೌಲಭ್ಯ ಇದೆ. ಮನೆಗೆ ತಂದು ರಾತ್ರಿ ಕಟ್ಟಿಕೊಂಡು ಮಲಗುವ ಸಣ್ಣ ಯಂತ್ರಗಳೂ ಬಂದಿವೆ. ಹೊನ್ನಾವರದಿಂದ ಘಟ್ಟ ಹತ್ತುವ ಲಾರಿ ಚಾಲಕರಿಗೆ, ರಾತ್ರಿ ದೋಣಿಯಲ್ಲಿ ಹೋಗುವವರಿಗೆ ಹಗಲು ತೂಕಡಿಕೆ ಬರೀ ಸೋಮಾರಿತನದ ವಿಷಯ ಅಲ್ಲ.

ಪೂರ್ತಿ ಮುಚ್ಚಿಹೋಗುವ ಗಂಟಲನ್ನು ತೆರೆದಿಡುವ ಬೇರು, ತೊಗಟೆ ಯಾವುದೂ ಇಲ್ಲ. ಅದಕ್ಕೆ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರವೇ ಬೇಕು. 1981ರಲ್ಲಿ ಸಿಡ್ನಿಯ ಕಾಲಿನ್ ಸುಲಿವನ್ ಮತ್ತು ಸಂಗಡಿಗರು ಅದನ್ನು ವಿವರಿಸಿದಾಗಿನಿಂದ ಇವತ್ತಿನವರೆಗೂ ಅದೇ ಮೊದಲ ಆಯ್ಕೆ. ಸಿಪ್ಯಾಪ್ ಹಾಕಿಕೊಳ್ಳುತ್ತಿರುವವರು ‘ಈಗ ಕಷಾಯ ಕುಡಿಯುತ್ತಿದ್ದೇನಲ್ಲ’ ಎಂದು ಅದನ್ನು ಮೂಲೆಗಿಡುವುದು ದೊಡ್ಡ ತಪ್ಪು. ಚೀನೀ ಕಷಾಯಕ್ಕೆ ಉಳಿಯುವ ಜಾಗ ಬೇರೆ: ಉಸಿರು ನಿಲ್ಲದ, ಕಫ ಅಥವಾ ಮೂಗು ಕಟ್ಟಿದ್ದರಿಂದ ಬರುವ ಬರೀ ಗೊರಕೆ. ಅಲ್ಲಿಯೂ ಅದು ಸಹಾಯಕ ಮಾತ್ರ.

ನಾಲಿಗೆ ನೋಡುವುದು, ಕವಳಕ್ಕೆ ಮೊದಲು

ಚೀನೀ ವೈದ್ಯರು ನಾಡಿಯ ಜೊತೆ ನಾಲಿಗೆಯನ್ನು ಬಹಳ ನಂಬುತ್ತಾರೆ. ನಮ್ಮ ಕಡೆ ಇಲ್ಲಿಯೇ ಎಡವಟ್ಟಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆ ಉಜ್ಜಿ ಲೇಪ ತೆಗೆಯುತ್ತೇವೆ, ಚಾ ಕುಡಿಯುತ್ತೇವೆ, ಕವಳ ಹಾಕುತ್ತೇವೆ. ಲೇಪ ಇಲ್ಲದ, ಕೆಂಪಾದ ನಾಲಿಗೆ ತೋರಿಸಿದರೆ ವೈದ್ಯರಿಗೆ ಉಷ್ಣದ ನಾಲಿಗೆ ಕಂಡು ಕಷಾಯವೇ ಬದಲಾಗಿಬಿಡುತ್ತದೆ. ಬಣ್ಣ ಹತ್ತಿದ ಲೇಪ ಮೋಸ ಮಾಡುತ್ತದೆ ಎಂದು ಅವರ ಪುಸ್ತಕಗಳಲ್ಲೇ ಎಚ್ಚರಿಕೆ ಇದೆ. ಆನ್‌ಲೈನಿನಲ್ಲಿ ಫೋಟೋ ಕಳಿಸುವುದಾದರೆ ಎದ್ದ ಕೂಡಲೇ, ಬಾಯಿ ತೊಳೆಯುವ ಮೊದಲು, ಬಲ್ಬಿನ ಕೆಳಗಲ್ಲ, ಜಗಲಿಯ ಹಗಲು ಬೆಳಕಿನಲ್ಲಿ ತೆಗೆಯಿರಿ.

ದಪ್ಪ ನಾಲಿಗೆ, ಅಂಚಿನಲ್ಲಿ ಹಲ್ಲಿನ ಗುರುತು, ಮೇಲೆ ದಪ್ಪ ಬಿಳಿ ಜಿಡ್ಡು ಲೇಪ, ಬೆಳಿಗ್ಗೆ ಗಂಟಲಲ್ಲಿ ಕಫ, ಊಟವಾದ ಮೇಲೆ ಹೊಟ್ಟೆ ಭಾರ: ಇದನ್ನು ಅವರು ಕಫ-ತೇವದ ಗೊರಕೆ ಎನ್ನುತ್ತಾರೆ. ಲೇಪ ಹಳದಿಯಾಗಿ ಬಾಯಿ ಕಹಿಯಾದರೆ ಕಫ-ಉಷ್ಣ. ನಾಲಿಗೆ ಬಿಳಿಚಿ, ಮೈ ಸೋತು, ಮಲ ಸಡಿಲವಾದರೆ ಜೀರ್ಣಶಕ್ತಿಯ ಬಲಹೀನತೆ. ನಾಲಿಗೆ ನೇರಳೆಗೆ ತಿರುಗಿ ಹಳೆಯ ಗೊರಕೆಯಾಗಿದ್ದರೆ ರಕ್ತ ನಿಂತಿದೆ ಎನ್ನುತ್ತಾರೆ. ನಮ್ಮ ಮಟ್ಟಿಗೆ ಅಂಥವರು ಮೊದಲು ಆಮ್ಲಜನಕ ಮತ್ತು ಹೃದಯ ಪರೀಕ್ಷೆಗೆ ಹೋಗಬೇಕು. ಅಂದಹಾಗೆ, ಅಂಚಿನಲ್ಲಿ ಹಲ್ಲಿನ ಗುರುತಿರುವ ದಪ್ಪ ನಾಲಿಗೆ ಉಸಿರುಗಟ್ಟುವಿಕೆ ಇರುವವರಲ್ಲಿ ಹೆಚ್ಚಾಗಿ ಕಾಣುತ್ತದೆ ಎಂದು ಆಧುನಿಕ ವೈದ್ಯರೂ ಗಮನಿಸಿದ್ದಾರೆ.

ಕಫ-ತೇವದ ಗುಂಪಿಗೆ ಕೊಡುವ ಮೂಲ ಕಷಾಯ ಅರ್-ಚೆನ್ ತಾಂಗ್. ಸೋಂಗ್ ಕಾಲದ ಸರ್ಕಾರಿ ಔಷಧಾಲಯದ ಸೂತ್ರಸಂಗ್ರಹದಿಂದ ಬಂದದ್ದು. ಹೆಸರಿನ ಅರ್ಥ ‘ಎರಡು ಹಳತುಗಳ ಕಷಾಯ’: ಬನ್‌ಶ್ಯಾ ಗಡ್ಡೆ, ಚೆನ್‌ಪಿ ಎಂಬ ಕಿತ್ತಳೆ ಸಿಪ್ಪೆ, ಇವೆರಡೂ ಹಳತಾದಷ್ಟೂ ಒಳ್ಳೆಯದು. ಕಫ-ಉಷ್ಣಕ್ಕೆ ಇದಕ್ಕೇ ಬಿದಿರಿನ ಒಳಹೆರೆ ಮತ್ತು ಎಳೆಯ ಕಹಿ ಕಿತ್ತಳೆ ಸೇರಿ ವೆನ್ ತಾನ್ ತಾಂಗ್ ಆಗುತ್ತದೆ. ಬಲಹೀನತೆಗೆ ಜಿನ್ಸೆಂಗ್ ಮತ್ತು ಪೈಚು ಎಂಬ ಬೇರು ಸೇರಿ ಲಿಯೂ ಚುನ್‌ಜು ತಾಂಗ್. ಒಂದೇ ಸಾರಿಗೆ ಬೇರೆ ಬೇರೆ ಒಗ್ಗರಣೆ ಹಾಕಿದಂತೆ. ಆದ್ದರಿಂದ ಮೂಲದ್ದು ತಿಳಿದರೆ ಉಳಿದವುಗಳ ಪೊಟ್ಟಣವನ್ನು ಬಿಚ್ಚಿ ನೋಡಿ ಅರ್ಥ ಮಾಡಿಕೊಳ್ಳಬಹುದು.

ಬನ್‌ಶ್ಯಾ ಎಂದರೆ ನಮ್ಮ ಕೆಸುವಿನ ನೆಂಟ

ಪಿನೆಲ್ಲಿಯಾ ಟರ್ನಾಟಾ ಎಂಬ ಈ ಗಡ್ಡೆ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ. ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ಏನಾಗುತ್ತದೆ ಎಂದು ಶಿರಸಿ, ಸಿದ್ದಾಪುರದವರಿಗೆ ಹೇಳಬೇಕಿಲ್ಲ. ಒಳಗಿರುವುದು ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಬನ್‌ಶ್ಯಾದಲ್ಲಿ ಈ ಚುಚ್ಚುವ ಗುಣ ಕೆಸುವಿಗಿಂತ ಖಾರ: ಹಸಿಯಾಗಿ ಬಾಯಿಗೆ ಹೋದರೆ ನಾಲಿಗೆ, ಗಂಟಲು ಊದಿಕೊಳ್ಳುತ್ತದೆ. ಗೊರಕೆ ನಿಲ್ಲಿಸಲು ಹೋಗಿ ಗಂಟಲ ದಾರಿಯನ್ನೇ ಮುಚ್ಚಿಕೊಂಡಂತೆ.

ಹಾಗಾಗಿ ಅದನ್ನು ಸಂಸ್ಕರಿಸಿಯೇ ಮಾರಬೇಕು. ಶುಂಠಿ ಮತ್ತು ಪಟಿಕದಲ್ಲಿ ಬೇಯಿಸಿದ್ದು ಜಿಯಾಂಗ್ ಬನ್‌ಶ್ಯಾ, ಜ್ಯೇಷ್ಠಮಧು ಮತ್ತು ಸುಣ್ಣದ ನೀರಿನಲ್ಲಿ ನೆನೆಸಿದ್ದು ಫಾ ಬನ್‌ಶ್ಯಾ. ಕಫಕ್ಕೆ ಸಾಮಾನ್ಯವಾಗಿ ಎರಡನೆಯದನ್ನು ಆರಿಸುತ್ತಾರೆ. ಚೀಟಿಯಲ್ಲಿ ಬರೀ ‘ಬನ್‌ಶ್ಯಾ’ ಎಂದಿದ್ದು, ಸಂಸ್ಕರಿಸಿದ್ದು ಎಂಬ ಮಾತಿಲ್ಲದಿದ್ದರೆ ಬಳಸಬೇಡಿ. ಕೆಸುವಿಗೆ ಮಾಡುವಂತೆ ವಾಟೆಹುಳಿಯನ್ನೋ ಮುರುಗಲನ್ನೋ ಹಾಕಿ ಮನೆಯಲ್ಲೇ ಸರಿಮಾಡುತ್ತೇನೆ ಎನ್ನುವ ಸಾಹಸ ಬೇಡ. ಎಷ್ಟು ಹೊತ್ತು ಬೆಂದರೆ ಸಾಕು ಎಂದು ಅಡಿಗೆಮನೆಯಲ್ಲಿ ಅಳೆಯಲು ಬರುವುದಿಲ್ಲ. ಗದ್ದೆಯಂಚಿನ ಕಾಡುಕೆಸುವನ್ನು ಕಿತ್ತು ಬದಲಿಗೆ ಹಾಕುವ ವಿಚಾರವಂತೂ ಬೇಡವೇ ಬೇಡ.

ನಕಲಿಯೂ ಇದೆ. ಟೈಫೋನಿಯಂ ಎಂಬ ಜೌಗು ನೆಲದ ಗಡ್ಡೆಯನ್ನು ‘ನೀರು ಬನ್‌ಶ್ಯಾ’ ಎಂಬ ಹೆಸರಲ್ಲಿ ಬೆರೆಸುತ್ತಾರೆ. ಅಸಲಿನ ಇಡೀ ಗಡ್ಡೆ ಚಪ್ಪಟೆ ಗುಂಡಗಿದ್ದು ನೆತ್ತಿಯಲ್ಲಿ ಕುಳಿ ಇರುತ್ತದೆ. ನಕಲಿಯದ್ದು ಉದ್ದ, ಒಂದು ತುದಿ ಚೂಪು. ಹೋಳು ಮಾಡಿ ಬಂದರೆ ಗುರುತು ಸಿಗುವುದು ಕಷ್ಟ.

ಒಂದು ದಿನದ ಪೊಟ್ಟಣದಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ ಇರುವ ತೂಕ ಹೀಗೆ: ಸಂಸ್ಕರಿಸಿದ ಬನ್‌ಶ್ಯಾ 9 ಗ್ರಾಂ, ಚೆನ್‌ಪಿ 9 ಗ್ರಾಂ, ಫುಲಿಂಗ್ 12 ಗ್ರಾಂ, ಹುರಿದ ಜ್ಯೇಷ್ಠಮಧು 3ರಿಂದ 5 ಗ್ರಾಂ. ಜೊತೆಗೆ ಹಸಿ ಶುಂಠಿ 3 ಹೋಳು, ಹೊಗೆಗೆ ಒಣಗಿಸಿದ ಹುಳಿ ಪ್ಲಮ್ ಅಂದರೆ ವೂಮೇ ಒಂದು. ಇದನ್ನು ಸ್ವಂತ ತಕ್ಕಡಿಯಲ್ಲಿ ತೂಗಿ ಕುಡಿಯಲು ಹೇಳುತ್ತಿಲ್ಲ. ಬಂದ ಪೊಟ್ಟಣ ಇದಕ್ಕಿಂತ ತೀರಾ ಹೆಚ್ಚಾಗಿದ್ದರೆ ಕಟ್ಟಿಕೊಟ್ಟವರನ್ನು ಕೇಳಲು ಹೇಳುತ್ತಿದ್ದೇವೆ. ಬನ್‌ಶ್ಯಾಕ್ಕೆ ಚೀನಾದ ಅಧಿಕೃತ ಔಷಧಕೋಶ ಇಟ್ಟಿರುವ ಮಿತಿ ದಿನಕ್ಕೆ 3ರಿಂದ 9 ಗ್ರಾಂ.

ಇದರಲ್ಲಿ ನಮ್ಮೂರಿನದ್ದು ಎಂದು ನಿಶ್ಚಿಂತೆಯಿಂದ ಹಾಕಬಹುದಾದದ್ದು ಶುಂಠಿ ಒಂದೇ. ಬನವಾಸಿ ಕಡೆಯ ಶುಂಠಿ ಆದರೆ ಮೂರು ತೆಳು ಹೋಳು ಸಾಕು, ಖಾರ ಹೆಚ್ಚಾದರೆ ರಾತ್ರಿ ಎದೆಯುರಿ. ಚೆನ್‌ಪಿ ಕನಿಷ್ಠ 3 ವರ್ಷ ಹಳತಾದ ಸಿಪ್ಪೆ. ಗ್ವಾಂಗ್‌ಡಾಂಗಿನ ಶಿನ್‌ಹುಯಿಯದ್ದಕ್ಕೆ ಹೆಸರು. ಸಂತೆಯ ಕಿತ್ತಳೆ ಸಿಪ್ಪೆಯಲ್ಲಿ ಮೇಣ, ಸಿಂಪರಣೆಯ ಅಂಶ ಇರುತ್ತದೆ. ಕಂಚಿಕಾಯಿ ಸಿಪ್ಪೆ ಬೇರೆಯೇ ಜಾತಿಯದ್ದು. ಫುಲಿಂಗ್ ಎಂಬುದು ಪೈನ್ ಮರದ ಬೇರಿನಲ್ಲಿ ಬೆಳೆಯುವ ಅಣಬೆಯ ಗಡ್ಡೆ. ಸಮುದ್ರದಂಡೆಯ ಗಾಳಿಮರದ ಬುಡ ಅಗೆದರೆ ಸಿಗುವುದಲ್ಲ.

ಕುದಿಸುವ ಕ್ರಮ

ನಮ್ಮ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ ಪುಡಿ ಹಾಕಿ ಹಾಲು ಬೆಲ್ಲ ಬೆರೆಸುವ ಕಷಾಯದ ಅಭ್ಯಾಸವನ್ನು ಇಲ್ಲಿ ಮರೆಯಬೇಕು. ಹಾಲು, ಸಿಹಿ ಎರಡೂ ಕಫ ಹೆಚ್ಚಿಸುತ್ತವೆ ಎಂದು ಚೀನೀ ವೈದ್ಯದ ನಂಬಿಕೆ. ಈ ಕಷಾಯಕ್ಕೆ ಅವನ್ನು ಸೇರಿಸಿದರೆ ಕಟ್ಟಿಕೊಟ್ಟ ಉದ್ದೇಶವೇ ಹೋಯಿತು.

ಮಣ್ಣಿನ ಪಾತ್ರೆ ಉತ್ತಮ, ಸ್ಟೀಲ್ ಆದೀತು. ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆ ಬೇಡ. ಒಗರು ಮತ್ತು ಹುಳಿ ಲೋಹವನ್ನು ಬಿಡಿಸಿಕೊಳ್ಳುತ್ತವೆ, ಕಬ್ಬಿಣದಲ್ಲಿ ಕಷಾಯ ಕಪ್ಪಾಗುತ್ತದೆ. ಮೂಲಿಕೆಗಳನ್ನು ಒಮ್ಮೆ ಬೇಗನೆ ತೊಳೆದು, ಸುಮಾರು 600 ಮಿ.ಲೀ. ತಣ್ಣೀರಿನಲ್ಲಿ 30 ನಿಮಿಷ ನೆನೆಯಿಡಿ. ನೀರು ಅವುಗಳ ಮೇಲೆ ಎರಡು ಬೆರಳಷ್ಟು ನಿಲ್ಲಬೇಕು. ನೇರ ಬಿಸಿನೀರಿಗೆ ಹಾಕಿದರೆ ಫುಲಿಂಗಿನ ಹೊರಪದರ ಗಟ್ಟಿಯಾಗಿ ಒಳಗಿನ ಸಾರ ಹೊರಬರುವುದಿಲ್ಲ. ಫುಲಿಂಗ್ ದಪ್ಪ ತುಂಡಾಗಿದ್ದರೆ ಮೊದಲೇ ಜಜ್ಜಿಕೊಳ್ಳಿ.

ದೊಡ್ಡ ಉರಿಯಲ್ಲಿ ಕುದಿ ಬಂದ ಮೇಲೆ ಸಣ್ಣ ಉರಿ ಮಾಡಿ, ಮುಚ್ಚಳ ಅರೆ ಸರಿಸಿ 25ರಿಂದ 30 ನಿಮಿಷ. ಸುಮಾರು 250 ಮಿ.ಲೀ. ಉಳಿದಾಗ ಸೋಸಿ. ಅದೇ ಚರಟಕ್ಕೆ 400 ಮಿ.ಲೀ. ನೀರು ಹಾಕಿ ಮತ್ತೆ 20 ನಿಮಿಷ ಕುದಿಸಿ 150ಕ್ಕೆ ಇಳಿಸಿ. ಎರಡೂ ನೀರನ್ನು ಬೆರೆಸಿಯೇ ಎರಡು ಪಾಲು ಮಾಡಬೇಕು. ಮೊದಲ ನೀರು ಬೆಳಿಗ್ಗೆ, ಎರಡನೆಯದು ರಾತ್ರಿ ಎಂದು ಕುಡಿದರೆ ಬೆಳಿಗ್ಗೆ ಹೆಚ್ಚು, ರಾತ್ರಿ ತೆಳು. ಬೆಳಗಿನ ತಿಂಡಿ, ಸಂಜೆಯ ಊಟ ಮುಗಿದು ಅರ್ಧ ಗಂಟೆಯ ಮೇಲೆ ಬೆಚ್ಚಗೆ ಕುಡಿಯಿರಿ. ಮಲಗುವ ಹೊತ್ತಿಗೆ ಬೇಡ. ಮೂತ್ರಕ್ಕೆ ಏಳಬೇಕಾಗುತ್ತದೆ, ನಿದ್ದೆ ಒಡೆಯುತ್ತದೆ. ಕುಕ್ಕರಿನಲ್ಲಿ ಸೀಟಿ ಹಾಕಿಸಿದರೆ ಕಿತ್ತಳೆ ಸಿಪ್ಪೆಯ ಪರಿಮಳದ ಎಣ್ಣೆ ಹಬೆಯ ಜೊತೆ ಹೋಗಿ ಕಹಿ ಮಾತ್ರ ಉಳಿಯುತ್ತದೆ. ತಳ ಹತ್ತಿದರೆ ಇಡೀ ಪಾತ್ರೆ ಚೆಲ್ಲಿ, ನೀರು ಸೇರಿಸಿ ಸುಧಾರಿಸಬೇಡಿ.

ಮೂಗು ಕಟ್ಟುವವರ ಪೊಟ್ಟಣದಲ್ಲಿ ಶಿನ್‌ಯಿ ಎಂಬ ಮ್ಯಾಗ್ನೋಲಿಯಾ ಮೊಗ್ಗು ಇರುತ್ತದೆ. ಅದರ ಮೇಲೆ ಬೆಕ್ಕಿನ ಬಾಲದಂಥ ರೋಮ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಯೇ ಕುದಿಸಬೇಕು, ಇಲ್ಲವಾದರೆ ರೋಮ ಗಂಟಲಿಗೆ ಸಿಕ್ಕಿ ರಾತ್ರಿಯಿಡೀ ಕೆಮ್ಮು. ಪುದೀನಾ ಜಾತಿಯ ಎಲೆ ಇದ್ದರೆ ಕೊನೆಯ 5 ನಿಮಿಷದಲ್ಲಿ ಹಾಕಿ. ಸಂಪಿಗೆಯೂ ಮ್ಯಾಗ್ನೋಲಿಯಾ ಜಾತಿಯೇ ಎಂದು ಅಂಗಳದ ಸಂಪಿಗೆ ಮೊಗ್ಗು ಹಾಕಬೇಡಿ. ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಗುಣ ಒಂದೇ ಅಲ್ಲ.

ಇದೇ ಮೂಗಿನ ಸೂತ್ರಗಳಲ್ಲಿ ತ್ಸಾಂಗ್‌ಅರ್ ಎಂಬ ಮುಳ್ಳುಕಾಯಿಯೂ ಬರುತ್ತದೆ. ಬಯಲಿನಲ್ಲಿ ನಡೆದರೆ ಬಟ್ಟೆಗೆ ಅಂಟಿ ಬರುವ ಕ್ಸಾಂಥಿಯಂ ಕಾಯಿಯೇ ಅದು. ಹಸಿಯಾಗಿ, ಹೆಚ್ಚಾಗಿ ಬಳಸಿದರೆ ಯಕೃತ್ತಿಗೆ ವಿಷ. ಹುರಿದು ಮುಳ್ಳು ತೆಗೆದು ಕೊಡುತ್ತಾರೆ; ಆದರೂ ಇದು ನಮ್ಮ ಊರಲ್ಲೇ ಪುಕ್ಕಟೆ ಸಿಗುತ್ತದಲ್ಲ ಎಂದು ಕಿತ್ತು ತರುವ ಮೂಲಿಕೆ ಅಲ್ಲ.

ಪೊಟ್ಟಣದಲ್ಲಿ ಇರಬಾರದ ಹೆಸರುಗಳು

ಮಾಹ್ವಾಂಗ್ ಅಂದರೆ ಎಫೆಡ್ರಾ. ಮೂಗು ತೆರೆಯುತ್ತದೆ ನಿಜ, ಎದೆಬಡಿತ, ಬಿ.ಪಿ. ಎರಡನ್ನೂ ಏರಿಸಿ ನಿದ್ದೆ ಕೆಡಿಸುತ್ತದೆ. ಅಮೆರಿಕದಲ್ಲಿ ಆಹಾರ ಪೂರಕಗಳಲ್ಲಿ 2004ರಿಂದ ನಿಷೇಧ. ಗೊರಕೆಯವರಲ್ಲಿ ಬಹಳ ಮಂದಿಗೆ ಬಿ.ಪಿ. ಇರುತ್ತದೆ, ಹಾಗಾಗಿ ಇದು ಅವರಿಗೆ ಸಲ್ಲದು.

ಫಾಂಗ್‌ಜಿಯ ಕಥೆ ಇನ್ನೂ ಕೆಟ್ಟದ್ದು. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತೆಗೆದುಕೊಂಡ 100ಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು. ಫಾಂಗ್‌ಜಿ ಎಂದು ಇರಬೇಕಿದ್ದ ಸ್ಟೆಫಾನಿಯಾ ಬೇರಿನ ಬದಲು ಅದೇ ಧ್ವನಿಯ ಹೆಸರಿನ ಅರಿಸ್ಟೋಲೋಕಿಯಾ ಬೆರೆತಿತ್ತು. ಅದರ ಅರಿಸ್ಟೋಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ನಮ್ಮ ಬೇಲಿಯ ಈಶ್ವರಬಳ್ಳಿ ಇದೇ ಕುಲದ್ದು. ಮೂಗಿನ ಮದ್ದಿನ ಶಿಶಿನ್ ಬೇರಿನಲ್ಲೂ ಈ ಆಮ್ಲ ಅಲ್ಪ ಇರುತ್ತದೆ. ಅದಿದ್ದ ಪೊಟ್ಟಣ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಜ್ಯೇಷ್ಠಮಧು ಸೌಮ್ಯ ಎಂದು ಎಲ್ಲರೂ ತಿಳಿದಿದ್ದಾರೆ. ವಾರಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಇಳಿದು, ಕಾಲು ಊದಿ, ಬಿ.ಪಿ. ಏರಬಹುದು. ಮೂತ್ರ ಹೋಗುವ ಮಾತ್ರೆ ಅಥವಾ ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ. ಕಷಾಯದ ದಿನಗಳಲ್ಲಿ ವಾರಕ್ಕೆರಡು ಸಲ ಬಿ.ಪಿ. ನೋಡಿ ಬರೆದಿಡಿ. ವೆನ್ ತಾನ್ ತಾಂಗಿನ ಎಳೆ ಕಹಿ ಕಿತ್ತಳೆಯಲ್ಲಿ ಬಿ.ಪಿ. ಏರಿಸಬಲ್ಲ ಸಿನೆಫ್ರಿನ್ ಎಂಬ ಅಂಶ ಇದೆ. ಅದಕ್ಕೂ ಇದೇ ಎಚ್ಚರ. ಗರ್ಭಿಣಿಯರು, ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯವರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಈ ದಾರಿಗೆ ಬರುವುದು ಬೇಡ. ಮಕ್ಕಳ ಗೊರಕೆಗೆ ಹೆಚ್ಚಾಗಿ ಅಡಿನಾಯ್ಡ್, ಟಾನ್ಸಿಲ್ ಕಾರಣ, ತೋರಿಸಬೇಕಾದದ್ದು ಇ.ಎನ್.ಟಿ.ಗೆ.

ಒಟ್ಟಿಗೆ ಕೊಡಬಾರದ ಹದಿನೆಂಟು ಮೂಲಿಕೆಗಳ ಪಟ್ಟಿ ಚೀನೀ ವೈದ್ಯದಲ್ಲಿದೆ. ಅದರ ಪ್ರಕಾರ ಬನ್‌ಶ್ಯಾ ಮತ್ತು ವತ್ಸನಾಭಿ ಜಾತಿಯ ಬೇರು ಕೂಡಬಾರದು. ನೆಗಡಿ ಬಂದಾಗ ನಾವು ಸಲೀಸಾಗಿ ನುಂಗುವ ತ್ರಿಭುವನಕೀರ್ತಿ ರಸದಲ್ಲಿ ವತ್ಸನಾಭಿ ಇದೆ. ಎರಡನ್ನೂ ಕೊಡುವವರು ಬೇರೆ ಬೇರೆ, ಒಬ್ಬರಿಗೆ ಇನ್ನೊಬ್ಬರದ್ದು ಗೊತ್ತಿರುವುದಿಲ್ಲ. ಮನೆಯ ಆಯುರ್ವೇದ ಮಾತ್ರೆಗಳ ಹೆಸರನ್ನೂ ಹೇಳಿ.

ಕೊಳ್ಳುವುದು, ಮಳೆಗಾಲದಲ್ಲಿ ಇಡುವುದು

ಚೀನೀ ಮೂಲಿಕಾ ವೈದ್ಯ ನಮ್ಮ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಲ್ಲ. ಕಟ್ಟಿಕೊಡುವವರ ಅರ್ಹತೆಯನ್ನು ನೀವೇ ಕೇಳಿ ತಿಳಿಯಬೇಕು. ಪ್ರತಿ ಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರು, ತೂಕ, ಬ್ಯಾಚ್, ಭಾರಲೋಹ ಪರೀಕ್ಷೆಯ ವರದಿ ಕೊಡದವರಿಂದ ಕೊಳ್ಳಬೇಡಿ. ಒಂದೇ ರಾತ್ರಿಯಲ್ಲಿ ಗೊರಕೆ ನಿಂತಿತು ಎನಿಸುವ ಮಾತ್ರೆ ಬಗ್ಗೆ ಸಂಶಯ ಇರಲಿ. ಹೆಸರು ಹೇಳದೆ ಅಲೋಪತಿ ಔಷಧ ಬೆರೆಸಿದ ಮೂಲಿಕೆ ಮಾತ್ರೆಗಳು ಅನೇಕ ದೇಶಗಳಲ್ಲಿ ಸಿಕ್ಕಿಬಿದ್ದಿವೆ. ಹರಳು ಪುಡಿ ಕೊಂಡರೆ ಅದು ಸಾಮಾನ್ಯವಾಗಿ ಐದು ಪಾಲು ಮೂಲಿಕೆಯನ್ನು ಒಂದು ಪಾಲಿಗೆ ಇಳಿಸಿದ್ದು. ಒಣ ಮೂಲಿಕೆಯ ತೂಕದಲ್ಲಿ ಅಳೆದರೆ ಐದು ಪಟ್ಟು ಹೆಚ್ಚಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಫುಲಿಂಗ್, ಜ್ಯೇಷ್ಠಮಧು ಬೂಷ್ಟು ಹಿಡಿಯುವುದು ಅದಕ್ಕೂ ಮೊದಲು. ಬೂಷ್ಟು ಒರೆಸಿ ಬಿಸಿಲಿಗಿಟ್ಟು ಬಳಸಬೇಡಿ, ವಿಷ ಒಳಗೇ ಉಳಿದಿರುತ್ತದೆ. ಮಳೆಗಾಲದಲ್ಲಿ ಒಂದು ವಾರದ್ದಕ್ಕಿಂತ ಹೆಚ್ಚು ತರಿಸದೆ, ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿಡಿ. ಹೊಗೆಯಟ್ಟ ಬೇಡ, ಚೆನ್‌ಪಿ ಹೊಗೆವಾಸನೆ ಹಿಡಿಯುತ್ತದೆ. ಫುಲಿಂಗ್ ಸುಣ್ಣದ ಹಾಗೆ ಬೆಳ್ಳಗಿದ್ದು ಹುಳಿ ವಾಸನೆ ಬಂದರೆ ಗಂಧಕದ ಹೊಗೆ ಕೊಟ್ಟಿದ್ದಾರೆ.

ಎರಡು ವಾರದ ಲೆಕ್ಕ

ಕಷಾಯ ಶುರುವಾಗುವ ಹಿಂದಿನ ವಾರ ಮದ್ದು ಏನೂ ಕುಡಿಯದೆ, ಮೊಬೈಲನ್ನು ತಲೆಯಿಂದ ಒಂದು ಮೀಟರ್ ದೂರ ಇಟ್ಟು ಗೊರಕೆ ರೆಕಾರ್ಡ್ ಮಾಡಿ. ಜೊತೆಗೆ ಊಟದ ಹೊತ್ತು, ಮಲಗಿದ ಮಗ್ಗುಲು, ಮೂಗು ಕಟ್ಟಿತ್ತೋ, ಮದ್ಯ ಕುಡಿದಿದ್ದರೋ ಬರೆಯಿರಿ. ಈ ಮೊದಲ ವಾರ ಇಲ್ಲದಿದ್ದರೆ ಆಮೇಲೆ ಬಂದ ಬದಲಾವಣೆ ಕಷಾಯದ್ದೋ, ಬಂಗುಡೆ ಸಾರು ಬಿಟ್ಟು ಗಂಜಿ ಉಂಡದ್ದರದ್ದೋ ತಿಳಿಯುವುದಿಲ್ಲ. ಗಡಿ ದಾಟಿದರೆ ಗೋವಾ, ಹಾಗಾಗಿ ಕಾರವಾರದವರಿಗೆ ಈ ಕೊನೆಯ ಅಂಕಣ ಪ್ರಾಮಾಣಿಕವಾಗಿ ತುಂಬುವುದು ಕಷ್ಟ; ಆದರೆ ಮದ್ಯ ಗಂಟಲ ಸ್ನಾಯುವನ್ನು ಸಡಿಲಿಸುವಷ್ಟು ಬಿಗಿಯಾಗಿಸುವ ಮೂಲಿಕೆ ಯಾವುದೂ ಇಲ್ಲ.

ಮಗ್ಗುಲಾಗಿ ಮಲಗುವುದು, ಊಟವನ್ನು ಮೂರು ಗಂಟೆ ಮೊದಲೇ ಮುಗಿಸುವುದು, ತೂಕ ಇಳಿಸುವುದು ಕಷಾಯದ ಜೊತೆ ನಡೆಯಲಿ. ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನ 2000ರಲ್ಲಿ ಹೇಳಿದ್ದು: ತೂಕ ಶೇ. 10 ಇಳಿದರೆ ಉಸಿರು ನಿಲ್ಲುವ ಎಣಿಕೆ ಸುಮಾರು ಕಾಲುಭಾಗ ಇಳಿಯುತ್ತದೆ. ಕಷಾಯದ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳುವ ಪುರಾವೆ ಇಲ್ಲ. ಮೂಗು ತೊಳೆಯುವವರು 250 ಮಿ.ಲೀ. ನೀರಿಗೆ ಅರ್ಧ ಚಮಚ ಉಪ್ಪು ಹಾಕಿ. ಬಾವಿಯ ನೀರನ್ನು ಕುದಿಸಿ ಆರಿಸಿದ ಮೇಲೆಯೇ, ಹಸಿ ನೀರಿನ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಬಲ್ಲದು.

ಎರಡು ವಾರ ಕುಡಿದೂ ರೆಕಾರ್ಡಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಪ್ರಮಾಣ ಏರಿಸದೆ ನಿಲ್ಲಿಸಿ. ಕಾರಣ ಕಫವಲ್ಲ, ಬೇರೆ ಏನೋ. ಕಡಿಮೆಯಾಗಿದ್ದರೆ ವೈದ್ಯರಿಗೆ ಮತ್ತೆ ನಾಲಿಗೆ ತೋರಿಸಿ. ಲೇಪ ತೆಳುವಾಗಿ ಬಾಯಿ ಒಣಗತೊಡಗಿದರೆ ಅಲ್ಲಿಗೇ ಸಾಕು, ಈ ಕಷಾಯ ಒಣಗಿಸುವ ಗುಣದ್ದು. ಗಂಟಲು ತುರಿಕೆ, ತುಟಿ ಜೋಮು, ಎದೆಬಡಿತ, ಕಣ್ಣು ಹಳದಿ, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ನಿಲ್ಲಿಸಿ, ಉಳಿದ ಪೊಟ್ಟಣವನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಚರಟವನ್ನೂ ಚೆಲ್ಲಬೇಡಿ, ಒಳಗೆ ಏನಿತ್ತು ಎಂದು ಪರೀಕ್ಷಿಸುವವರಿಗೆ ಅದೇ ಬೇಕಾಗುತ್ತದೆ.